ಹಸಿ ಕಟ್ಟಿಗೆಯ ಬಟ್ಟಲು: ನಮ್ಮ ಕಡೆಯ ಹವೆಗೆ ತಕ್ಕಂತೆ ಕೊಯ್ಯುವುದು, ಒಣಗಿಸುವುದು

ಧಾರವಾಡದಲ್ಲಿ ಲೇತ್ ಮೇಲೆ, ಅಂದರೆ ಕಟ್ಟಿಗೆಯನ್ನು ಗಿರಗಿರ ತಿರುಗಿಸಿ ಉಳಿ ಹಿಡಿದು ಕೊರೆಯುವ ಯಂತ್ರದ ಮೇಲೆ, ಕಟ್ಟಿಗೆ ಬಟ್ಟಲು ಮಾಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಇಲ್ಲಿ ಮರ ಸಿಗುವ ಕಾಲ ಬೇರೆ, ಮರ ಒಣಗಿಸುವ ಕಾಲ ಬೇರೆ.

ಏಪ್ರಿಲ್, ಮೇ ತಿಂಗಳಲ್ಲಿ ಅಡ್ಡಮಳೆ ಬರುತ್ತದೆ. ಅರ್ಧ ತಾಸು ಬಿರುಗಾಳಿ, ಗುಡುಗು, ಒಮ್ಮೊಮ್ಮೆ ಆಲಿಕಲ್ಲು. ಮರುದಿನ ಕೆಲಗೇರಿ ಕಡೆಯ ಆಪೂಸ್ ತೋಟಗಳಲ್ಲಿ ದಪ್ಪ ದಪ್ಪ ಟೊಂಗೆ ಮುರಿದು ಬಿದ್ದಿರುತ್ತವೆ. ಮಾಳಮಡ್ಡಿಯಂಥ ಹಳೆಯ ಬಡಾವಣೆಯಲ್ಲಿ ಒಂದಾದರೂ ಬೇವಿನ ಮರ ಕಾಂಪೌಂಡ್ ಮೇಲೆ ಒರಗಿರುತ್ತದೆ. ಕಟ್ಟಿಗೆ ಹುಡುಕುವವರಿಗೆ ಇದೇ ಸುಗ್ಗಿ. ಆದರೆ ಆ ಮಳೆ ನಿಂತ ಮೇಲೆ ಮತ್ತೆ ಬಿಸಿಲು, ಮತ್ತೆ ಒಣ ಗಾಳಿ. ಆ ಗಾಳಿಗೆ ಹಸಿ ಕಟ್ಟಿಗೆ ಇಟ್ಟರೆ ಸಂಜೆಯೊಳಗೆ ತುದಿಯಲ್ಲಿ ಕೂದಲೆಳೆಯಷ್ಟು ಸೀಳು ಬರುತ್ತದೆ. ವಾರದೊಳಗೆ ಆ ಸೀಳಿನಲ್ಲಿ ಚಾಕು ತೂರಿಸಬಹುದು.

ಚಳಿ ದೇಶದವರು ಬರೆದ ಸೂಚನೆಗಳಲ್ಲಿ ಬೂಷ್ಟಿನ ಭಯ ಜಾಸ್ತಿ, ಗಾಳಿಯ ಭಯ ಕಡಿಮೆ. ನಮ್ಮ ಕಡೆ ವರ್ಷದ ಅರ್ಧ ಭಾಗಕ್ಕೆ ಅದು ಪೂರ್ತಿ ಉಲ್ಟಾ. ಹಾಗಾಗಿ ಇಲ್ಲಿ ಬರೆಯುವುದೆಲ್ಲ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಯ ಹವೆಗೆ ಹೊಂದುವ ಪದ್ಧತಿ.

ನಾನು ಮೂಲತಃ ಕಬ್ಬಿಣದ ಟರ್ನರ್. ಹುಬ್ಬಳ್ಳಿ ಗೋಕುಲ ರೋಡಿನ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಕಲಿತವನು. ಕಬ್ಬಿಣ ಅಳತೆಗೆ ತಿರುಗಿಸಿ ಇಟ್ಟರೆ ನಾಳೆಯೂ ಅದೇ ಅಳತೆ. ಕಟ್ಟಿಗೆ ಹಾಗಲ್ಲ. ಅದು ಕಡಿದ ಮೇಲೂ ವರ್ಷಗಟ್ಟಲೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದು ಯಾಕೆ, ಎಷ್ಟು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ನೀರು ಎಲ್ಲಿರುತ್ತದೆ, ಎಲ್ಲಿಂದ ಹೋಗುತ್ತದೆ

ಹಸಿ ಕಟ್ಟಿಗೆಯಲ್ಲಿ ಎರಡು ಬಗೆಯ ನೀರಿದೆ. ಒಂದು, ನಾಳಗಳಲ್ಲಿ ಸುಮ್ನೆ ತುಂಬಿಕೊಂಡ ನೀರು. ಲೇತ್ ಮೇಲೆ ಹಾಕಿದಾಗ ಮುಖಕ್ಕೆ ಸಿಡಿಯುವುದು ಇದೇ. ಇದು ಹೋದರೆ ತೂಕ ಇಳಿಯುತ್ತದೆ, ಆಕಾರ ಬದಲಾಗುವುದಿಲ್ಲ. ಇನ್ನೊಂದು, ನಾರಿನ ಗೋಡೆಯೊಳಗೇ ಹಿಡಿದಿಟ್ಟ ನೀರು. ತೇವ ಸುಮಾರು ಶೇಕಡಾ 25-30ಕ್ಕೆ (ಪೂರ್ತಿ ಒಣಗಿದ ಕಟ್ಟಿಗೆಯ ತೂಕದ ಮೇಲಿನ ಲೆಕ್ಕ) ಇಳಿದ ಮೇಲೆ ಇದು ಹೊರಡಲು ಶುರುವಾಗುತ್ತದೆ. ಕಟ್ಟಿಗೆ ಕುಗ್ಗುವುದು, ಸೊಟ್ಟಾಗುವುದು, ಸೀಳುವುದು ಎಲ್ಲ ಆಗಲೇ.

ಕುಗ್ಗುವುದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ನಡುವಿನಿಂದ ತೊಗಟೆಯ ಕಡೆಗೆ ಸ್ವಲ್ಪ ಕುಗ್ಗುತ್ತದೆ. ಉಂಗುರದ ಸುತ್ತ ಅದರ ಎರಡು ಪಟ್ಟಿನಷ್ಟು. ಸಾಗವಾನಿಯನ್ನೇ ತೆಗೆದುಕೊಳ್ಳಿ. ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ ನಡುವಿನಿಂದ ಹೊರಕ್ಕೆ ಶೇಕಡಾ 2.5, ಉಂಗುರದ ಸುತ್ತ ಶೇಕಡಾ 5.8. ಸಾಗವಾನಿ ತೀರಾ ಸಾಧು ಮರ, ಅದರದ್ದೇ ಇಷ್ಟು. ಸುತ್ತಳತೆ ಕುಗ್ಗಬೇಕು, ಒಳಗಿನ ಭಾಗ ಅಷ್ಟು ಕುಗ್ಗಲು ಬಿಡುತ್ತಿಲ್ಲ. ಹೀಗಾಗಿ ದುಂಡನೆಯ ದಿಮ್ಮಿ ಬೆಂಡಿನಿಂದ, ಅಂದರೆ ಉಂಗುರಗಳ ನಟ್ಟನಡುವಿನ ತಿರುಳಿನಿಂದ, ತೊಗಟೆಯವರೆಗೆ ಸೀಳುತ್ತದೆ. ಬೆಂಡು ಒಳಗಿರುವ ಬಟ್ಟಲು ಉಳಿಯುವುದು ಅಪರೂಪ.

ಇನ್ನೊಂದು ಸಂಗತಿ. ಕೊಯ್ದ ತುದಿಯಿಂದ ನೀರು ಹೋಗುವ ವೇಗ, ಬದಿಯಿಂದ ಹೋಗುವುದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ. ಅದಕ್ಕೇ ಸೀಳು ಮೊದಲು ತುದಿಯಲ್ಲಿ ಕಾಣುತ್ತದೆ.

ಯಾವ ಮರ

ಮಾವು ನಮ್ಮ ಕಡೆ ಧಾರಾಳ. ಧಾರವಾಡ ಸುತ್ತ ಇದೆ, ಹಾನಗಲ್ ಕಡೆಯೂ ಇದೆ. ಮೆತ್ತಗೆ ತಿರುಗುತ್ತದೆ, ಒಂದು ಮಳೆಗಾಲ ನೆಲದ ಮೇಲೆ ಬಿದ್ದಿದ್ದರೆ ಶಿಲೀಂಧ್ರದಿಂದ ಕಪ್ಪು ಗೆರೆ ಬಂದು ಬಹಳ ಚೆಂದ ಕಾಣುತ್ತದೆ. ಆದರೆ ಕುಟ್ಟೆ ಹುಳಕ್ಕೆ ಮಾವು ಅಂದರೆ ಪ್ರೀತಿ. ಅದರ ಮಾತು ಮುಂದೆ ಬರುತ್ತದೆ.

ಹೊಸಬರಿಗೆ ನಾನು ಕೊಡುವುದು ಮಳೆಮರ, ಅಂದರೆ ರೇನ್ ಟ್ರೀ. ಇದು ಕುಗ್ಗುವುದು ತುಂಬ ಕಡಿಮೆ. ಹವಾಯಿ, ಫಿಲಿಪೀನ್ಸ್ ಕಡೆ ಇದೇ ಮರದ ಬಟ್ಟಲುಗಳನ್ನು ಹಸಿಯಾಗಿಯೇ ತಿರುಗಿಸಿ ಮಾರುತ್ತಾರೆ. ನಮ್ಮಲ್ಲಿ ರಸ್ತೆ ಅಗಲ ಮಾಡಿದಾಗೆಲ್ಲ ಎಷ್ಟೋ ನೆರಳಿನ ಮರಗಳು ಸೌದೆಯಾಗಿ ಹೋದವು. ಅವುಗಳಲ್ಲಿ ಒಂದೊಂದರಿಂದ ಎಷ್ಟು ಬಟ್ಟಲು ಆಗುತ್ತಿತ್ತು ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ. ಇದರ ಪುಡಿ ಮೂಗಿಗೆ ಖಾರ, ಮಾಸ್ಕ್ ಬೇಕೇ ಬೇಕು.

ಹಲಸು ಒಳ್ಳೆಯದು. ಪೇರಲ, ಚಿಕ್ಕು ನುಣುಪಾದ ಗಟ್ಟಿ ಕಟ್ಟಿಗೆ, ಚಿಕ್ಕ ಬಟ್ಟಲಿಗೆ ಸರಿ, ಆದರೆ ಸೀಳುವ ಸ್ವಭಾವ. ಬೇವಿನ ಎಳೆ ಹೆಣೆದುಕೊಂಡಿರುತ್ತದೆ, ಉಳಿ ತುಂಬ ಹರಿತ ಇರಬೇಕು. ನವಲಗುಂದ, ಗದಗದ ಕಪ್ಪು ಮಣ್ಣಿನ ಹೊಲದ ಬದುವಿನಲ್ಲಿ ಸಿಗುವ ಕರಿಜಾಲಿ ಕಲ್ಲಿನಂಥದ್ದು. ಹಿಂದಿನವರು ಕೂರಿಗೆ, ಕುಂಟೆ, ಬಂಡಿ ಗಾಲಿಗೆ ಇದನ್ನೇ ಆರಿಸುತ್ತಿದ್ದರು. ಹಸಿ ಇದ್ದಾಗಲೇ ತಿರುಗಿಸಿ, ಒಣಗಿದ ಮೇಲೆ ಕೈ ಸೋಲುತ್ತದೆ. ಜಾಲಿಯಲ್ಲಿ ಒಗರು ಜಾಸ್ತಿ. ಹಸಿ ರಸ ಕಬ್ಬಿಣಕ್ಕೆ ತಾಗಿದರೆ ಇಂಕಿನ ಹಾಗೆ ಕಪ್ಪಾಗುತ್ತದೆ. ಕೆಲಸ ಮುಗಿದ ಕೂಡಲೇ ಲೇತ್ ಬೆಡ್ ಒರೆಸಿ ಎಣ್ಣೆ ಹಚ್ಚಿ.

ಕಣಗಿಲೆ, ಕಾಸರಕ ಎರಡನ್ನೂ ಮುಟ್ಟಬೇಡಿ. ಎರಡೂ ವಿಷ. ಊಟದ ಬಟ್ಟಲಿಗಂತೂ ಮಾತೇ ಇಲ್ಲ.

ಕಾಗದದ ಮಾತೂ ಇದೆ. ಕರ್ನಾಟಕದಲ್ಲಿ ಮರ ಸಂರಕ್ಷಣೆಗೆ 1976ರ ಕಾಯ್ದೆ ಇದೆ. ನಿಮ್ಮ ಸ್ವಂತ ಹಿತ್ತಲಿನ ಮರವಾದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿ, ಅನುಮತಿ ಬೇಕಿದ್ದರೆ ಪಡೆಯಿರಿ. ಸಾಗಿಸುವ ಮುಂಚೆಯೂ ಅಷ್ಟೇ. ಬಟ್ಟಲಿಗೋಸ್ಕರ ನಿಂತ ಮರ ಕಡಿಸಬೇಡಿ ಅನ್ನುವುದು ನನ್ನ ಮಾತು. ಬಿದ್ದದ್ದು, ಅನುಮತಿ ಪಡೆದು ಕಡಿದದ್ದು, ಕಟ್ಟಿಗೆ ಅಡ್ಡೆಯಲ್ಲಿ ಸೌದೆ ಲೆಕ್ಕದಲ್ಲಿ ಮಾರುವುದು, ಇಷ್ಟರಲ್ಲೇ ಬೇಕಾದಷ್ಟು ಸಿಗುತ್ತದೆ.

ಕೊಯ್ಯುವುದು

ದಿಮ್ಮಿ ಸಿಕ್ಕ ದಿನ ಅದನ್ನು ತುಂಡು ತುಂಡು ಮಾಡಬೇಡಿ. ಆದಷ್ಟು ಉದ್ದ ಇರಲಿ. ಪ್ರತಿ ಕೊಯ್ತವೂ ನೀರು ಹೋಗಲು ಎರಡು ಹೊಸ ಬಾಗಿಲು ತೆರೆಯುತ್ತದೆ. ಉದ್ದ ದಿಮ್ಮಿಯಲ್ಲಿ ಎರಡು ತುದಿಯ ಎರಡೆರಡು ಇಂಚು ಹಾಳಾದರೂ ನಡುವಿನದ್ದು ಹಸಿಯಾಗಿಯೇ ಉಳಿಯುತ್ತದೆ.

ತುದಿಗೆ ಮೇಣ ಹಚ್ಚಿ. ಮೇಣದಬತ್ತಿಯ ಪ್ಯಾರಾಫಿನ್ ಸಾಕು. ಅದನ್ನು ನೇರ ಉರಿ ಮೇಲೆ ಇಡಬೇಡಿ, ಬೆಂಕಿ ಹತ್ತುತ್ತದೆ. ನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಿ. ಅರವತ್ತು ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಹಳೆಯ ಬ್ರಷ್‌ನಿಂದ ದಪ್ಪಗೆ ಬಳಿಯಿರಿ. ಮೇಣ ಇಲ್ಲದಿದ್ದರೆ ಗೋಡೆಗೆ ಬಳಿದು ಉಳಿದ ಎಮಲ್ಶನ್ ಪೇಂಟ್ ಎರಡು ಕೋಟ್. ನಾಳೆ ಹಚ್ಚಿದರಾಯಿತು ಅನ್ನಬೇಡಿ. ಮೇ ತಿಂಗಳಲ್ಲಿ ನಾಳೆ ಅಂದರೆ ತಡ.

ಬಟ್ಟಲಿಗೆ ಕೊಯ್ಯುವಾಗ ಮೊದಲು ತುದಿಯ ಸೀಳು ಮುಗಿಯುವವರೆಗೆ ಬಿಲ್ಲೆ ಬಿಲ್ಲೆಯಾಗಿ ತೆಗೆಯಿರಿ. ಸಂಶಯ ಇದ್ದರೆ ತೆಳ್ಳಗಿನ ಬಿಲ್ಲೆಯನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಒಳ ಸೀಳು ಇದ್ದರೆ ಅಲ್ಲೇ ಮುರಿಯುತ್ತದೆ. ಆಮೇಲೆ ದಿಮ್ಮಿಯ ಅಗಲ ಎಷ್ಟೋ ಅದಕ್ಕಿಂತ ಒಂದಿಂಚು ಜಾಸ್ತಿ ಉದ್ದಕ್ಕೆ ತುಂಡು ಮಾಡಿ. ಈಗ ಉದ್ದುದ್ದಕ್ಕೆ ಬೆಂಡಿನ ಮೂಲಕ ಎರಡು ಹೋಳು. ಚೈನ್‌ಸಾ ಬಳಸುವುದಾದರೆ ತುಂಡನ್ನು ತೊಗಟೆಯ ಮೇಲೆ ಮಲಗಿಸಿ, ಎರಡೂ ಬದಿಗೆ ಬೆಣೆ ಕೊಟ್ಟು, ಮೇಲಿನಿಂದ ಉದ್ದಕ್ಕೆ ಕೊಯ್ಯಿರಿ. ನಿಲ್ಲಿಸಿ ತುದಿಯಿಂದ ಕೊಯ್ದರೆ ಚೈನ್ ಒದ್ದಾಡುತ್ತದೆ. ಚೈನ್‌ಸಾ ಗೊತ್ತಿಲ್ಲದವರು ಸಾಮಿಲ್‌ಗೆ ಒಯ್ಯಿರಿ, ಆ ಯಂತ್ರ ಒಬ್ಬರೇ ಇದ್ದಾಗ ಕಲಿಯುವಂಥದ್ದಲ್ಲ. ಮಾವಿನ ನೇರ ಎಳೆ ಇದ್ದರೆ ಬೆಣೆ, ಸುತ್ತಿಗೆಯಿಂದಲೂ ಸೀಳಬಹುದು. ಬೇವು ಹಾಗೆ ಸೀಳುವುದಿಲ್ಲ.

ಎರಡೂ ಹೋಳಿನ ಮುಖದಿಂದ ಇನ್ನೂ ಅರ್ಧ ಮುಕ್ಕಾಲು ಇಂಚು ತೆಗೆದು ಬೆಂಡನ್ನು ಪೂರ್ತಿ ಹೊರಗೆ ಹಾಕಿ. ಇದಕ್ಕೆ ಜಿಪುಣತನ ಮಾಡಬೇಡಿ. ಹನ್ನೆರಡು ಇಂಚಿನ ದಿಮ್ಮಿಯಿಂದ ಹತ್ತು ಇಂಚಿನ ಎರಡು ಬಟ್ಟಲು ಬಂದರೆ ಅದು ಒಳ್ಳೆಯ ಲೆಕ್ಕ.

ಬೇಸಿಗೆಯಲ್ಲಿ ಸಿಕ್ಕದ್ದನ್ನು ಏನು ಮಾಡುವುದು

ಎರಡೇ ದಾರಿ. ಒಂದು, ಆ ದಿನವೇ ಲೇತ್‌ಗೆ ಹಾಕಿ ಒರಟಾಗಿ ತಿರುಗಿಸುವುದು, ಅಂದರೆ ಹಸಿಯಲ್ಲೇ ದಪ್ಪ ಬಟ್ಟಲು ಮಾಡಿಟ್ಟು, ಒಣಗಿದ ಮೇಲೆ ಎರಡನೇ ಸಲ ತಿರುಗಿಸಿ ಮುಗಿಸುವುದು. ಇನ್ನೊಂದು, ಮಿರಗಾ ಮಳೆ ಹಿಡಿಯುವವರೆಗೆ ನೀರಿನಲ್ಲಿ ಮುಳುಗಿಸಿ ಇಡುವುದು. ನನಗೆ ಎರಡನೆಯದೇ ಇಷ್ಟ.

ಇದು ಹಳೆಯ ಪದ್ಧತಿ. ಮನೆ ಕಟ್ಟುವ ಕಟ್ಟಿಗೆ, ಬಿದಿರು ಎಲ್ಲವನ್ನೂ ಹಿಂದೆ ಕೆರೆಯಲ್ಲಿ ಮುಳುಗಿಸಿ ಇಡುತ್ತಿದ್ದರು. ನೀರಿನೊಳಗಿನ ಕಟ್ಟಿಗೆ ಸೀಳುವುದಿಲ್ಲ, ಅದಕ್ಕೆ ಬೂಷ್ಟೂ ಹಿಡಿಯುವುದಿಲ್ಲ, ಯಾಕೆಂದರೆ ಗಾಳಿ ಸಿಗುವುದಿಲ್ಲ. ಜೊತೆಗೆ ಕಟ್ಟಿಗೆಯ ಪಿಷ್ಟ ನಿಧಾನಕ್ಕೆ ಕರಗಿ ಹೋಗುತ್ತದೆ. ಕುಟ್ಟೆ ಹುಳ ತಿನ್ನುವುದು ಆ ಪಿಷ್ಟವನ್ನೇ. ಮಾವಿಗೆ ಇದರಷ್ಟು ಒಳ್ಳೆಯ ಮದ್ದು ಇನ್ನೊಂದಿಲ್ಲ. ಈಗ ಕೆರೆ ಬೇಡ. ಇನ್ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ ಸಾಕು. ತೊಗಟೆ ಸುಲಿದು ಹೋಳುಗಳನ್ನು ಹಾಕಿ, ಮೇಲೆ ಕಲ್ಲು ಹೇರಿ ಪೂರ್ತಿ ಮುಳುಗಿಸಿ. ವಾಸನೆ ಬರುತ್ತದೆ, ವಾರಕ್ಕೊಮ್ಮೆ ನೀರು ಬದಲಿಸಿ. ಆ ನೀರನ್ನು ತೆಂಗಿನ ಬುಡಕ್ಕೆ ಹಾಕಿದರೆ ದಂಡವಾಗುವುದಿಲ್ಲ. ಸೊಳ್ಳೆ ಮೊಟ್ಟೆ ಇಡದ ಹಾಗೆ ಡ್ರಮ್ ಬಾಯಿ ಮುಚ್ಚಿ.

ಹೋಳಿ ಹುಣ್ಣಿಮೆಗೆ ಮುಂಚೆ ದಿಮ್ಮಿ ತಂದಿದ್ದರೆ ಗೇಟಿನೊಳಗೆ ಇಟ್ಟು ಬೀಗ ಹಾಕಿ. ಕಾಮಣ್ಣನಿಗೆ ಕಟ್ಟಿಗೆ ಕದಿಯುವುದು ಹುಬ್ಬಳ್ಳಿ-ಧಾರವಾಡದ ಹುಡುಗರಿಗೆ ಕಳ್ಳತನ ಅಲ್ಲ, ಸಂಪ್ರದಾಯ.

ಒರಟು ತಿರುವು

ಮಿರಗಾ, ಆರಿದ್ರಾ ಮಳೆ ಬಿದ್ದು ಹವೆ ತಂಪಾಯಿತು ಅಂದರೆ ಜೂನ್ ಎರಡನೇ ವಾರದಿಂದ ಜುಲೈ ತನಕ ಒರಟು ತಿರುವಿನ ಹಂಗಾಮು. ಧಾರವಾಡದಲ್ಲಿ ಆಗ ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ. ಕಟ್ಟಿಗೆಗೆ ಅದಕ್ಕಿಂತ ಸುಖದ ದಿನಗಳಿಲ್ಲ.

ಹೋಳನ್ನು ದುಂಡಗೆ ಕೊಯ್ದು, ಫೇಸ್‌ಪ್ಲೇಟ್ (ಹೋಳನ್ನು ಸ್ಕ್ರೂನಿಂದ ಬಿಗಿಯುವ ಲೇತಿನ ತಟ್ಟೆ) ಮೇಲೆ ಹಾಕಿ ಹೊರಮೈ ತಿರುಗಿಸಿ. ಹತ್ತು ಇಂಚಿನದಕ್ಕೆ ಶುರುವಿನಲ್ಲಿ ನಿಮಿಷಕ್ಕೆ 400-500 ಸುತ್ತು ಸಾಕು. ಹಸಿ ಹೋಳಿನ ಒಂದು ಬದಿ ಭಾರ ಇರುತ್ತದೆ, ವೇಗ ಜಾಸ್ತಿಯಾದರೆ ಯಂತ್ರ ಕುಣಿಯುತ್ತದೆ. ಮುಖಕ್ಕೆ ಪೂರ್ತಿ ಶೀಲ್ಡ್ ಹಾಕಿ, ಬರೀ ಕನ್ನಡಕ ಸಾಲದು. ಆಮೇಲೆ ಚಕ್ (ಲೇತಿನ ಹಿಡಿಕೆ ದವಡೆ) ಹಿಡಿಯಲು ತಳದಲ್ಲಿ ಒಂದು ಪಾದ ಬಿಟ್ಟು ಒಳಗೆ ತೋಡಿ.

ಗೋಡೆಯ ದಪ್ಪ ಬಟ್ಟಲಿನ ಅಗಲದ ಹತ್ತನೇ ಒಂದು ಭಾಗ. ಹತ್ತು ಇಂಚಿಗೆ ಒಂದಿಂಚು. ಇದಕ್ಕೆ ಕಾರಣ ಇದೆ. ಇಪ್ಪತ್ತು ಸೆಂಟಿಮೀಟರ್ ಬಟ್ಟಲು ಅಡ್ಡಕ್ಕೆ ಶೇಕಡಾ 5 ಕುಗ್ಗಿದರೆ ಒಂದು ಸೆಂಟಿಮೀಟರ್ ಆಯಿತು. ಉದ್ದಕ್ಕೆ ಕುಗ್ಗಲೇ ಇಲ್ಲ. ಅಂದರೆ ಬಟ್ಟಲು ಮೊಟ್ಟೆಯಾಕಾರ ಆಗುತ್ತದೆ. ಅದನ್ನು ಮತ್ತೆ ದುಂಡಗೆ ಮಾಡಲು ಅಷ್ಟು ದಪ್ಪ ಕೈಯಲ್ಲಿ ಇರಬೇಕು. ಇನ್ನೂ ದಪ್ಪ ಬಿಟ್ಟರೆ ಒಳಗೂ ಹೊರಗೂ ಒಣಗುವುದರಲ್ಲಿ ವ್ಯತ್ಯಾಸ ಬಿದ್ದು ಸೀಳುತ್ತದೆ. ತಳ, ಗೋಡೆ ಒಂದೇ ದಪ್ಪ ಇರಲಿ. ತಳದಲ್ಲಿ ಎರಡಿಂಚು ಬಿಟ್ಟು ಗೋಡೆ ಒಂದಿಂಚು ಮಾಡಿದರೆ ಎರಡೂ ಸೇರುವ ಕಡೆಯೇ ಸೀಳು ಬರುತ್ತದೆ. ಪಾದವೂ ಮೊಟ್ಟೆಯಾಕಾರ ಆಗುವುದರಿಂದ ಅದನ್ನು ಚಕ್ಕಿನ ಅಳತೆಗಿಂತ ದೊಡ್ಡದೇ ಬಿಡಿ.

ಪೇರಲ, ಚಿಕ್ಕುಗಳನ್ನು ಒರಟು ತಿರುಗಿಸಿದ ಮೇಲೆ ನಾನು ಹಳೆಯ ಅಲ್ಯೂಮಿನಿಯಂ ಹಂಡೆಯಲ್ಲಿ ಕುದಿಸುತ್ತೇನೆ. ಇಂಚು ದಪ್ಪಕ್ಕೆ ಒಂದು ತಾಸು. ಆಮೇಲೆ ನೀರಿನಲ್ಲೇ ತಣ್ಣಗಾಗಲು ಬಿಡುತ್ತೇನೆ. ಬಣ್ಣ ಸ್ವಲ್ಪ ಮಂಕಾಗುತ್ತದೆ, ಆದರೆ ಸೀಳುವುದು ಗಣನೀಯವಾಗಿ ಕಡಿಮೆ. ಒಲೆಗೆ ಲೇತಿನ ಹೆರಕಲೇ, ಅಂದರೆ ತಿರುಗಿಸುವಾಗ ಉದುರುವ ಚೂರೇ, ಸಾಕಾಗುತ್ತದೆ.

ತೂಕವೇ ಸಾಕ್ಷಿ

ಒರಟು ಬಟ್ಟಲಿನ ತಳಕ್ಕೆ ಪೆನ್ಸಿಲ್‌ನಿಂದ ಮರದ ಹೆಸರು, ತಾರೀಖು, ತೂಕ ಬರೆಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ.

ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಡೆ ಈ ಮಾತನ್ನು ನಂಬಿದರೆ ಕೆಡುತ್ತೀರಿ. ಕಟ್ಟಿಗೆ ಒಣಗುವುದು ಸುತ್ತಲಿನ ಗಾಳಿ ಎಷ್ಟು ಬಿಡುತ್ತದೋ ಅಷ್ಟೇ. ಗಾಳಿಯ ತೇವಾಂಶ ಶೇಕಡಾ 80 ಇದ್ದರೆ ಕಟ್ಟಿಗೆ ಸುಮಾರು ಶೇಕಡಾ 16ಕ್ಕೆ ಬಂದು ನಿಲ್ಲುತ್ತದೆ. 50 ಇದ್ದರೆ 9ಕ್ಕೆ. 30 ಇದ್ದರೆ 6ಕ್ಕೆ. ಆಗಸ್ಟ್‌ನಲ್ಲಿ ತೂಕ ನಿಂತಿತು ಅಂದರೆ ಆಗಸ್ಟ್‌ಗೆ ಒಣಗಿದೆ ಅಂತ ಮಾತ್ರ ಅರ್ಥ. ಅದನ್ನೇ ಫಿನಿಶ್ ಮಾಡಿ ಮಾರಿದರೆ ಮಾರ್ಚ್‌ನಲ್ಲಿ ಕೊಂಡವರ ಮನೆಯ ಶೋಕೇಸಿನಲ್ಲಿ ಸೀಳುತ್ತದೆ.

ನಿಜವಾದ ಲೆಕ್ಕ ಬೇಕಿದ್ದರೆ ಹೀಗೆ ಮಾಡಿ. ಒರಟು ತಿರುಗಿಸಿದ ದಿನವೇ ಅದೇ ಹೋಳಿನ 100 ಗ್ರಾಂ ಚೂರು ತೆಗೆದುಕೊಳ್ಳಿ. ಓವನ್‌ನಲ್ಲಿ 103 ಡಿಗ್ರಿ ಆಸುಪಾಸಿನಲ್ಲಿ, ತೂಕ ಪೂರ್ತಿ ನಿಲ್ಲುವವರೆಗೆ ಒಣಗಿಸಿ. 60 ಗ್ರಾಂಗೆ ಬಂತು ಅನ್ನೋಣ. ಅಂದರೆ 1,000 ಗ್ರಾಂ ತೂಗಿದ ಹಸಿ ಬಟ್ಟಲಿನಲ್ಲಿ ಕಟ್ಟಿಗೆ ಇರುವುದು 600 ಗ್ರಾಂ, ಉಳಿದದ್ದು ನೀರು. ಶೇಕಡಾ 16 ತೇವಕ್ಕೆ ಈ ಬಟ್ಟಲು 696 ಗ್ರಾಂ ತೂಗಬೇಕು, ಶೇಕಡಾ 9ಕ್ಕೆ 654. ಈಗ ತಕ್ಕಡಿ ನೋಡಿದರೆ ಎಲ್ಲಿದ್ದೇವೆ ಅಂತ ಸ್ಪಷ್ಟ. ತಳದಲ್ಲಿ 654 ಅಂತಲೂ ಬರೆದಿಡಿ. ಆ ಸಂಖ್ಯೆ ಬರುವ ತನಕ ಅದನ್ನು ಮುಟ್ಟುವುದು ಬೇಡ.

ಎಲ್ಲಿ ಇಡುವುದು

ಮಳೆಗಾಲದಲ್ಲಿ ಧಾರವಾಡದಲ್ಲಿ ಒರಟು ಬಟ್ಟಲನ್ನು ಚೀಲದೊಳಗೆ ಇಡುವುದು ಬೇಡ. ಗಾಳಿ ನೇರ ಬಡಿಯದ ಕೋಣೆಯ ಹಲಗೆ ಮೇಲೆ ಬೋರಲಾಗಿ, ಕೆಳಗೆ ಎರಡು ಕಡ್ಡಿ ಕೊಟ್ಟು ಇಡಿ. ಅಂಚಿಗೆ, ಎಳೆಯ ತುದಿ ಕಾಣುವ ಎರಡು ಬದಿಗೆ ಮೇಣ ಹಚ್ಚಿ. ಒಂದಕ್ಕೊಂದು ತಾಗಿಸಬೇಡಿ, ತಾಗಿದ ಕಡೆ ಬೂಷ್ಟು ಬರುತ್ತದೆ. ಬಂದರೆ ಬ್ರಷ್‌ನಿಂದ ಉಜ್ಜಿ, ಮೇಲ್ಮೈಯದ್ದು ಎರಡನೇ ತಿರುವಿನಲ್ಲಿ ಹೋಗುತ್ತದೆ. ಹಸಿ ಹೆರಕಲಿನೊಳಗೆ ಹೂತಿಡುವ ಪದ್ಧತಿ ಜುಲೈನಲ್ಲಿ ಬೇಡವೇ ಬೇಡ.

ದಸರಾ ಕಳೆದು ಮೂಡಗಾಳಿ ಶುರುವಾಯಿತು ಅಂದರೆ ಆಟ ಬದಲು. ಆಗ ಪ್ರತಿ ಬಟ್ಟಲನ್ನೂ ಮೂರು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ ಗೋಣಿಚೀಲದೊಳಗೆ ಇಡಿ. ತಿಂಗಳಿಗೊಂದು ಪದರ ತೆಗೆಯುತ್ತಾ ಬನ್ನಿ.

ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿಲೋಮೀಟರ್. ಆದರೆ ಕಟ್ಟಿಗೆಯ ಮಟ್ಟಿಗೆ ಬೇರೆ ದೇಶ. ಮಳೆ ಕಡಿಮೆ, ಗಾಳಿ ಜಾಸ್ತಿ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಗದಗದವರು, ಹಾವೇರಿಯ ರಾಣೆಬೆನ್ನೂರು ಕಡೆಯವರು ಮಳೆಗಾಲದಲ್ಲೂ ಪೇಪರ್ ಬಿಡಬೇಡಿ. ಹಳೆಯ ಮಣ್ಣಿನ ಮಾಳಿಗೆ ಮನೆ ಇದ್ದರೆ ಅದರ ನಡುಮನೆಯಲ್ಲಿ ಇಡಿ. ಆ ದಪ್ಪ ಗೋಡೆಯೊಳಗೆ ಹಗಲು ರಾತ್ರಿಯ ಹವೆಯಲ್ಲಿ ವ್ಯತ್ಯಾಸ ಕಡಿಮೆ. ಪತ್ರಾಸಿನ ಶೆಡ್ಡು ಇದಕ್ಕೆ ಎಲ್ಲಕ್ಕಿಂತ ಕೆಟ್ಟ ಜಾಗ. ಹಾನಗಲ್, ಕಲಘಟಗಿಯವರು ಧಾರವಾಡದ ಪದ್ಧತಿಯನ್ನೇ ಹಿಡಿಯಬಹುದು.

ಕುಟ್ಟೆ ಹುಳದ ಗುರುತು ಹಿಟ್ಟಿನಂಥ ಪುಡಿ, ಸೂಜಿ ತೂತು. ಕಂಡ ಕೂಡಲೇ ಆ ಬಟ್ಟಲನ್ನು ಉಳಿದವುಗಳಿಂದ ದೂರ ಮಾಡಿ, ಮತ್ತೆ ಒಂದು ತಾಸು ಕುದಿಸಿ. ಬಿಸಿಗೆ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಊಟದ ಬಟ್ಟಲಿಗೆ ಕೀಟನಾಶಕ ಹೊಡೆಯಬೇಡಿ.

ಎರಡನೇ ತಿರುವು

ಶಿವರಾತ್ರಿಯಿಂದ ಯುಗಾದಿಯ ತನಕ. ಆಗ ಬಟ್ಟಲು ವರ್ಷದಲ್ಲೇ ಅತಿ ಒಣಗಿದ ಸ್ಥಿತಿಯಲ್ಲಿ ಇರುತ್ತದೆ. ಆಮೇಲೆ ಅದು ಮಳೆಗಾಲದಲ್ಲಿ ಹಿಗ್ಗಬಹುದು, ಸೀಳುವುದಿಲ್ಲ. ಮುಂಬೈ, ಮಂಗಳೂರಿಗೆ ಕಳಿಸಿದರೂ ಭಯವಿಲ್ಲ. ಮೊದಲು ಪಾದವನ್ನು ದುಂಡಗೆ ಮಾಡಿ, ನಂತರ ಹೊರಮೈ, ಕೊನೆಗೆ ಒಳಮೈ.

ಎಣ್ಣೆಗೆ ದೂರ ಹೋಗಬೇಕಿಲ್ಲ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಪದರ ಕಟ್ಟುತ್ತದೆ. ಕುಸುಬೆ ಎಣ್ಣೆಯೂ ಆಗುತ್ತದೆ, ನಿಧಾನ, ಆದರೆ ಬಣ್ಣ ತಿಳಿ. ಎರಡೂ ನಮ್ಮ ಹೊಲದಲ್ಲೇ ಬೆಳೆಯುವಂಥವು. ಗಾಣದ್ದು, ತಿನ್ನಲು ಮಾರುವುದನ್ನೇ ತನ್ನಿ. ಪೇಂಟ್ ಅಂಗಡಿಯ ಅಗಸೆ ಎಣ್ಣೆಗೆ ಬೇಗ ಒಣಗಲು ಬೇರೆ ವಸ್ತು ಬೆರೆಸಿರಬಹುದು. ಶೇಂಗಾ ಎಣ್ಣೆ ಬೇಡ, ಅದು ಗಟ್ಟಿಯಾಗುವುದಿಲ್ಲ, ಕಮಟು ವಾಸನೆ ಬರುತ್ತದೆ. ತೆಳ್ಳಗೆ ಹಚ್ಚಿ, ಕಾಲು ತಾಸು ಬಿಟ್ಟು ಉಳಿದದ್ದನ್ನು ಒರೆಸಿ, ನಾಲ್ಕೈದು ದಿನ ಬಿಟ್ಟು ಮತ್ತೊಮ್ಮೆ. ಹೀಗೆ ಮೂರು ಸಲ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಅರಿವೆಯನ್ನು ಹೊರಗೆ ತಂತಿಯ ಮೇಲೆ ಹರವಿ ಪೂರ್ತಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್‌ಗೆ ಹಾಕಿ.